ವಾಪಸ್ ಬಂದ ಕೋಚನ್ನು ಯಾವ ಸೇರಿನಲ್ಲಿ ಅಳೆಯೋದು?

2025ರ ಸೆಪ್ಟೆಂಬರ್‌ನಲ್ಲಿ ಫುಟ್‌ಬಾಲ್ ಕೋಚ್ ಜೋಸೆ ಮೊರಿನ್ಯೊ ಪೋರ್ಚುಗಲ್‌ನ ಬೆನ್ಫಿಕಾ ಕ್ಲಬ್‌ಗೆ ವಾಪಸ್ ಹೋದ ಸುದ್ದಿ ಬಂದಾಗ ನಾನು ಸುಂಟಿಕೊಪ್ಪದ ಒಂದು ಹೋಟೆಲಿನಲ್ಲಿ ಪರೋಟಕ್ಕೆ ಕಾಯುತ್ತಾ ಕೂತಿದ್ದೆ. ಹೊರಗೆ ಬಿಟ್ಟೂ ಬಿಡದ ಮಳೆ. ಎದುರು ಟೇಬಲ್‌ನಲ್ಲಿ ಜೀಪ್ ಓಡಿಸುವ ಹುಡುಗನೊಬ್ಬ ಫೋನ್ ನೋಡುತ್ತಲೇ ತೀರ್ಪು ಕೊಟ್ಟುಬಿಟ್ಟ.

"ಮುಗೀತು ಬಿಡಿ ಅಣ್ಣ. ಅವ್ರ ಕಾಲ ಹೋಯ್ತು."

ಪಕ್ಕದಲ್ಲಿ ಕೂತಿದ್ದವರು ಎಸ್ಟೇಟ್ ರೈಟರ್, ಅಂದರೆ ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವವರು, ಐವತ್ತು ದಾಟಿದವರು. "ನೀನು ತೊಟ್ಟಿಲಲ್ಲಿ ಇದ್ದಾಗ ಪೋರ್ಟೊಗೆ ಚಾಂಪಿಯನ್ಸ್ ಲೀಗ್ ಗೆದ್ದುಕೊಟ್ಟ ಮನುಷ್ಯ ಮಾರಾಯ ಅವನು."

"ನಾನೂ ಅದನ್ನೇ ಅಲ್ವಾ ಹೇಳ್ತಿರೋದು?"

ಹೋಟೆಲಿನಲ್ಲಿ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಆ ಮಾತು ತಲೆಯಲ್ಲಿ ಉಳಿದುಬಿಟ್ಟಿತು. ಮೊರಿನ್ಯೊ ಅಲ್ಲಿ ಇನ್ನೂ ಒಂದು ಪಂದ್ಯವನ್ನೂ ಆಡಿಸಿರಲಿಲ್ಲ. ಅಷ್ಟರಲ್ಲಿ ಒಬ್ಬರು 2004ರ ಆ ಕಪ್, ಯುರೋಪಿನ ಕ್ಲಬ್‌ಗಳ ಅತಿ ದೊಡ್ಡ ಕಪ್, ತೋರಿಸಿ ಅವರನ್ನು ಗೆಲ್ಲಿಸಿದರು, ಇನ್ನೊಬ್ಬ ಅದೇ ಕಪ್ ತೋರಿಸಿ ಸೋಲಿಸಿದ. ಬೆನ್ಫಿಕಾದ ಈಗಿನ ತಂಡದಲ್ಲಿ ಯಾರು ಯಾರು ಇದ್ದಾರೆ ಅಂತ ಇಬ್ಬರೂ ಕೇಳಲಿಲ್ಲ.

ಕೊಡಗು ಅಂದರೆ ಹಾಕಿ ಅಂತ ಹೊರಗಿನವರು ತಿಳಿದಿದ್ದಾರೆ. ತಪ್ಪೇನಿಲ್ಲ. ಆದರೆ ಸುಂಟಿಕೊಪ್ಪ, ಸಿದ್ದಾಪುರ, ವಿರಾಜಪೇಟೆ ಕಡೆ ಒಂದು ಸುತ್ತು ಹಾಕಿದರೆ ಫುಟ್‌ಬಾಲ್ ಹುಚ್ಚು ಏನು ಅಂತ ಗೊತ್ತಾಗುತ್ತದೆ. ವರ್ಲ್ಡ್ ಕಪ್ ಬಂತೆಂದರೆ ತೋಟದ ಬೇಲಿ ಮೇಲೆ ಅರ್ಜೆಂಟೀನಾ, ಬ್ರೆಜಿಲ್ ಫ್ಲೆಕ್ಸ್ ಏಳುತ್ತವೆ. ಹಾಗಾಗಿ ಈ ಜಗಳ ನಮ್ಮದೂ ಹೌದು.

ಬೆನ್ಫಿಕಾ ಕತೆಯಲ್ಲಿ ಒಂದು ತಮಾಷೆ ಇದೆ. ಮೊರಿನ್ಯೊಗಿಂತ ಮೊದಲು ಅಲ್ಲಿದ್ದ ಕೋಚ್ ಬ್ರೂನೊ ಲಾಜ್. ಅವರೂ ವಾಪಸ್ ಬಂದವರೇ! 2019ರಲ್ಲಿ ಲೀಗ್ ಗೆದ್ದುಕೊಟ್ಟು, ಹೊರಗೆ ಹೋಗಿ, 2024ರಲ್ಲಿ ಮತ್ತೆ ಬಂದಿದ್ದರು. ಒಂದು ವರ್ಷಕ್ಕೆ ಮನೆಗೆ ಕಳಿಸಿದರು. ಇನ್ನು ಮೊರಿನ್ಯೊ 2000ದಲ್ಲಿ ಮೊದಲ ಸಲ ಬೆನ್ಫಿಕಾದಲ್ಲಿ ಇದ್ದದ್ದು ಮೂರು ತಿಂಗಳೂ ಅಲ್ಲ. ಬದ್ಧ ಎದುರಾಳಿ ಕ್ಲಬ್ ಸ್ಪೋರ್ಟಿಂಗ್ ವಿರುದ್ಧ 3-0 ಗೆದ್ದರು. ಆದರೆ ಕ್ಲಬ್ ಚುನಾವಣೆಯಲ್ಲಿ ಗೆದ್ದ ಹೊಸ ಅಧ್ಯಕ್ಷರ ಜೊತೆ ಸರಿಹೋಗದೆ ಎದ್ದು ಹೋದರು. ಅಂದಮೇಲೆ ಹಳೇ ಮನೆ ಅನ್ನೋದಕ್ಕೆ ಅಲ್ಲಿ ಮನೆಯೇ ಕಟ್ಟಿರಲಿಲ್ಲ. ಅದೇ 2025ರಲ್ಲಿ ಮಸ್ಸಿಮಿಲಿಯಾನೊ ಅಲ್ಲೆಗ್ರಿ ಕೂಡ ಇಟಲಿಯ ಎಸಿ ಮಿಲಾನ್‌ಗೆ ವಾಪಸ್ ಬಂದರು. ಅವರು ಅಲ್ಲಿ 2011ರಲ್ಲಿ ಲೀಗ್ ಗೆದ್ದಿದ್ದರು, 2014ರ ಜನವರಿಯಲ್ಲಿ ಕೆಲಸ ಕಳೆದುಕೊಂಡಿದ್ದರು. ಈ ಸಲ ಅವರ ಕೈಗೆ ಬಂದದ್ದು ಹಿಂದಿನ ಸೀಸನ್‌ನಲ್ಲಿ 8ನೇ ಸ್ಥಾನಕ್ಕೆ ಇಳಿದಿದ್ದ ತಂಡ.

ವಾಪಸ್ ಬಂದವರನ್ನು ಅವರ ಹಳೇ ಕಪ್‌ಗಳ ಪಕ್ಕ ನಿಲ್ಲಿಸಿ ನೋಡುವುದು ತಪ್ಪು ಅಂತ ನನಗೆ ಅನ್ನಿಸುತ್ತದೆ. ಕಾಲಿಟ್ಟ ದಿನ ಅವರ ಕೈಗೆ ಏನು ಸಿಕ್ಕಿತು, ಕ್ಲಬ್ ಅವರನ್ನು ಕರೆದದ್ದು ಯಾವ ಕೆಲಸಕ್ಕೆ, ಹಳೇ ಪಾಠವನ್ನೇ ಒಪ್ಪಿಸಿದರೋ ಹೊಸದು ಕಲಿತು ಬಂದರೋ, ಲೆಕ್ಕ ಅಲ್ಲಿಂದ ಶುರುವಾಗಬೇಕು.

ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜನವರಿಯಲ್ಲಿ ಕುಯ್ಯುವ ರೊಬಸ್ಟಾ ಹಣ್ಣು ಹಿಂದಿನ ವರ್ಷದ ಫೆಬ್ರವರಿ, ಮಾರ್ಚ್‌ನ ಹೂಮಳೆಯದ್ದು. ಆ ಹೂವು ನಿಂತ ರೆಕ್ಕೆ, ಅಂದರೆ ಕೊಂಬೆ, ಅದಕ್ಕೂ ಹಿಂದೆ ಯಾರೋ ಗಿಡ ಸವರಿಸಿದ್ದರ ಫಲ. ನಡುವೆ ಬಂದ ಹೊಸ ರೈಟರ್ ಹೆಸರಿಗೆ ಒಳ್ಳೆ ಬೆಳೆ ಜಮಾ ಆಗುತ್ತದೆ. ಗಿಡ ಸವರಿಸಿದವನು ಅಷ್ಟೊತ್ತಿಗೆ ಬೇರೆ ತೋಟದಲ್ಲಿರುತ್ತಾನೆ. ಫುಟ್‌ಬಾಲ್‌ನಲ್ಲೂ ಕೋಚ್‌ಗಳ ಹೆಸರು ಹೀಗೇ ಎಷ್ಟೋ ಸಲ ಬೆಳೆಯುತ್ತದೆ, ಹೀಗೇ ಕೆಡುತ್ತದೆ.

ಇದನ್ನು ತೂಗಿ ನೋಡೋಕೆ ಜಿನೆದಿನ್ ಜಿದಾನ್‌ಗಿಂತ ಒಳ್ಳೆ ಉದಾಹರಣೆ ಇಲ್ಲ.

ಜಿದಾನ್ 2016ರ ಜನವರಿಯಲ್ಲಿ ರಿಯಲ್ ಮ್ಯಾಡ್ರಿಡ್ ಕೋಚ್ ಆದರು. 2016, 2017, 2018, ಮೂರು ವರ್ಷ ಸತತ ಚಾಂಪಿಯನ್ಸ್ ಲೀಗ್ ಗೆದ್ದರು. ಮೂರನೆಯದು ಗೆದ್ದ ಐದೇ ದಿನಕ್ಕೆ ರಾಜೀನಾಮೆ. ಆ ಬೇಸಿಗೆಯಲ್ಲೇ ಕ್ರಿಸ್ಟಿಯಾನೊ ರೊನಾಲ್ಡೊ ಇಟಲಿಯ ಯುವೆಂಟಸ್‌ಗೆ ಹೋದರು. ಮ್ಯಾಡ್ರಿಡ್‌ಗಾಗಿ 438 ಪಂದ್ಯದಲ್ಲಿ 450 ಗೋಲು ಹೊಡೆದ ಮನುಷ್ಯ. ಪಂದ್ಯಕ್ಕೊಂದು ಗೋಲು ಮೇಲೆ ಸ್ವಲ್ಪ ಕೊಸರು. ಅಂಥವನು ಹೋದ ಮೇಲೆ ತಂಡ ಒಂದೇ ಸೀಸನ್‌ನಲ್ಲಿ ಎರಡು ಕೋಚ್‌ಗಳನ್ನು ತಿಂದು ಹಾಕಿತು. 2019ರ ಮಾರ್ಚ್‌ನಲ್ಲಿ ಸ್ವಂತ ಮೈದಾನದಲ್ಲೇ ಹಾಲೆಂಡಿನ ಆಯಾಕ್ಸ್ 4-1ರಿಂದ ಹೊಡೆದು ಹಾಕಿತು. ಒಂದು ವಾರ ಕಳೆಯುವುದರೊಳಗೆ ಜಿದಾನ್ ವಾಪಸ್.

ಜನರಿಗೆ ಅನ್ನಿಸಿದ್ದು ಕಪ್‌ಗಳೂ ವಾಪಸ್ ಬಂದವು ಅಂತ. ಆದರೆ ಉಳಿದಿದ್ದ 11 ಪಂದ್ಯದಲ್ಲಿ ತಂಡ ಗೆದ್ದಿದ್ದು ಐದೇ. "ಮೊದಲು ರೊನಾಲ್ಡೊ ಗೆಲ್ಲಿಸುತ್ತಿದ್ದ, ಇವರು ಸುಮ್ನೆ ನಿಂತಿರುತ್ತಿದ್ದರು" ಅಂತ ಮಾತು ಶುರುವಾಯಿತು. ಆ ಬೇಸಿಗೆಯಲ್ಲಿ ಕ್ಲಬ್ ಹಣ ಸುರಿಯಿತು. 10 ಕೋಟಿ ಯೂರೊ ಆಸುಪಾಸಿನಲ್ಲಿ ಈಡನ್ ಹಜಾರ್ಡ್ ಬಂದರು. ಗಾಯದ ಮೇಲೆ ಗಾಯ. ಆ ಲೀಗ್‌ನಲ್ಲಿ ಅವರು ಆಡಿದ್ದು 16 ಪಂದ್ಯ, ಹೊಡೆದಿದ್ದು ಒಂದು ಗೋಲು. ರೊನಾಲ್ಡೊ ಜಾಗ ಖಾಲಿಯೇ ಉಳಿಯಿತು.

ಆದರೂ 2019-20ರ ಲಾ ಲಿಗಾ, ಅಂದರೆ ಸ್ಪೇನ್ ಲೀಗ್, ಗೆದ್ದಿದ್ದು ಮ್ಯಾಡ್ರಿಡ್. ಹೇಗೆ ಅನ್ನೋದು ಗೋಲು ಲೆಕ್ಕದಲ್ಲಿ ಸಿಗುತ್ತದೆ. 2017-18ರಲ್ಲಿ, ಅಂದರೆ ಜಿದಾನ್‌ರ ಮೊದಲ ಸುತ್ತಿನ ಕೊನೆ ಸೀಸನ್‌ನಲ್ಲಿ, ತಂಡ ಲೀಗ್‌ನಲ್ಲಿ 94 ಗೋಲು ಹೊಡೆದು 44 ಬಿಟ್ಟುಕೊಟ್ಟಿತ್ತು. ಬಂದದ್ದು ಮೂರನೇ ಸ್ಥಾನ, ಬಾರ್ಸಿಲೋನಾಗಿಂತ 17 ಪಾಯಿಂಟ್ ಹಿಂದೆ. ಹೌದು, ಮೂರನೇ ಚಾಂಪಿಯನ್ಸ್ ಲೀಗ್ ಗೆದ್ದ ಅದೇ ಸೀಸನ್. 2019-20ರಲ್ಲಿ ಹೊಡೆದದ್ದು ಬರೀ 70. ಬಿಟ್ಟುಕೊಟ್ಟದ್ದು 25. ಚಾಂಪಿಯನ್.

ಎರಡೂ ತಂಡಕ್ಕೆ ಕೋಚ್ ಒಬ್ಬರೇ, ಮಾಡಿದ ಕೆಲಸ ಮಾತ್ರ ಬೇರೆ. 24 ಗೋಲು ಕಮ್ಮಿ ಹೊಡೆದರೂ ಗೆದ್ದರು, ಯಾಕಂದರೆ 19 ಗೋಲು ಕಮ್ಮಿ ಬಿಟ್ಟರು. ಕರೀಮ್ ಬೆಂಜೆಮಾ 21 ಹೊಡೆದರು. ಆಮೇಲಿನ ಹೆಸರು ಯಾರದ್ದು ಗೊತ್ತಾ? ಡಿಫೆಂಡರ್ ಸೆರ್ಗಿಯೊ ರಾಮೋಸ್, 11 ಗೋಲು. ಪೆನಾಲ್ಟಿ, ಕಾರ್ನರ್, ಸಿಕ್ಕಿದ್ದೆಲ್ಲ ಬಾಚಿಕೊಂಡು ಗೆದ್ದ ಲೀಗ್ ಅದು.

ಆ ಪಂದ್ಯಗಳು ನನಗೆ ಬೇರೆ ಕಾರಣಕ್ಕೂ ನೆನಪಿವೆ. ಕೊರೊನಾದಿಂದ ನಿಂತು ಮತ್ತೆ ಶುರುವಾದ ಲೀಗ್. ಮ್ಯಾಡ್ರಿಡ್ ತನ್ನ ದೊಡ್ಡ ಸ್ಟೇಡಿಯಂ ಬಿಟ್ಟು ಪ್ರ್ಯಾಕ್ಟೀಸ್ ಜಾಗದ ಪುಟ್ಟ ಮೈದಾನದಲ್ಲಿ, ಒಬ್ಬ ಪ್ರೇಕ್ಷಕನೂ ಇಲ್ಲದೆ ಆಡುತ್ತಿತ್ತು. ಆಗ ನಮ್ಮಲ್ಲಿ ಲಾ ಲಿಗಾ ಬರುತ್ತಿದ್ದದ್ದು ಫೇಸ್‌ಬುಕ್‌ನಲ್ಲಿ. ಜೂನ್, ಜುಲೈ ತಿಂಗಳ ಕೊಡಗಿನ ರಾತ್ರಿ ಅಂದರೆ ಕೇಳಬೇಕಾ? ಮರ ಬಿದ್ದು ಕರೆಂಟ್ ಹೋಗಿರುತ್ತಿತ್ತು. ಟವರ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಕಿಟಕಿ ಹತ್ತಿರದ ಅಕ್ಕಿ ಡಬ್ಬದ ಮೇಲೆ ಫೋನ್ ಇಟ್ಟರೆ ಮಾತ್ರ ಎರಡು ಕಡ್ಡಿ ಸಿಗ್ನಲ್. ಚಿತ್ರ ನಿಂತು ನಿಂತು ಬರುತ್ತಿತ್ತು. ಹಾಗೆ ನಿಂತಾಗಲೆಲ್ಲ ಒಂದು ವಿಷಯ ಕಣ್ಣಿಗೆ ಬೀಳುತ್ತಿತ್ತು. ಬಿಳಿ ಅಂಗಿಯವರು ಚೆಂಡಿನ ಹಿಂದೆ ಎಂಟು, ಒಂಬತ್ತು ಜನ ನಿಂತಿರುತ್ತಿದ್ದರು. ಎರಡು ವರ್ಷದ ಹಿಂದೆ ಅದೇ ಚಿತ್ರ ನಿಲ್ಲಿಸಿದ್ದರೆ ಅರ್ಧ ತಂಡ ಎದುರಾಳಿ ಗೋಲ್ ಹತ್ತಿರ ಇರುತ್ತಿತ್ತು. ಶುರುವಾದ ಮೇಲೆ ಸತತ 10 ಪಂದ್ಯ ಗೆದ್ದು ಲೀಗ್ ಕಿತ್ತುಕೊಂಡರು.

ನನ್ನನ್ನು ಕೇಳಿದರೆ ಜಿದಾನ್ ಕೋಚ್ ಆಗಿ ಮಾಡಿದ ಅತ್ಯುತ್ತಮ ಕೆಲಸ ಇದೇ. ಮೂರು ಚಾಂಪಿಯನ್ಸ್ ಲೀಗ್ ಅಲ್ಲ. ಈ ಮಾತಿಗೆ ಮ್ಯಾಡ್ರಿಡ್ ಅಭಿಮಾನಿಗಳು ನನಗೆ ಬೈದಿದ್ದಾರೆ, ಇನ್ನೂ ಬೈಯಲಿ.

ಮುಂದಿನ ಬೇಸಿಗೆಯಲ್ಲಿ ಕ್ಲಬ್ ಒಬ್ಬ ಹೊಸ ಆಟಗಾರನನ್ನೂ ಕೊಳ್ಳಲಿಲ್ಲ. ಆ ಸೀಸನ್ ಕಪ್ ಇಲ್ಲದೆ ಮುಗಿಯಿತು. ಮೂರನೇ ದರ್ಜೆಯ ಅಲ್ಕೊಯಾನೊ ಎದುರು, ಅದೂ ಹತ್ತೇ ಜನ ಉಳಿದಿದ್ದ ತಂಡದ ಎದುರು, ಕಪ್ ಪಂದ್ಯ ಸೋತರು. ಜನ ಹಿಡಿದುಕೊಂಡದ್ದು ಅದನ್ನೇ. ಲೀಗ್‌ನಲ್ಲಿ ಚಾಂಪಿಯನ್ ಆದ ಅಟ್ಲೆಟಿಕೊಗಿಂತ ಎರಡೇ ಪಾಯಿಂಟ್ ಹಿಂದೆ, 84ಕ್ಕೆ 86, ಇದ್ದದ್ದು ಯಾರಿಗೂ ನೆನಪಿಲ್ಲ. 2021ರ ಮೇ ತಿಂಗಳಲ್ಲಿ ಹೊರಟ ಜಿದಾನ್ ಪತ್ರಿಕೆಯೊಂದಕ್ಕೆ ಬಹಿರಂಗ ಪತ್ರ ಬರೆದು, ಕ್ಲಬ್ಬಿಗೆ ತನ್ನ ಮೇಲೆ ನಂಬಿಕೆ ಉಳಿದಿಲ್ಲ ಅಂದರು. ಹಳೇ ಕೋಚ್‌ಗೆ ಕಾಯುವ ತಾಳ್ಮೆ ಹೊಸಬನಿಗಿಂತ ಕಮ್ಮಿ ಸಿಗುತ್ತದೆ, ಇದು ವಿಚಿತ್ರ. ಹೊಸಬನಿಗಾದರೆ "ಪಾಪ, ಇನ್ನೂ ಹೊಂದಿಕೊಳ್ಳಬೇಕು" ಅನ್ನುತ್ತೇವೆ. ಹಳಬರಿಗೆ "ನಿಮಗೇ ಎಲ್ಲ ಗೊತ್ತಲ್ಲ" ಅನ್ನುತ್ತೇವೆ.

ಇದಕ್ಕೆ ತದ್ವಿರುದ್ಧ ಅಂದರೆ ಮಿಲಾನ್ ಕ್ಲಬ್ಬಿನ ತೊಂಬತ್ತರ ದಶಕ. ಎರಡು ವರ್ಷದಲ್ಲಿ ಇಬ್ಬರು ದಂತಕತೆಗಳನ್ನು ಒಬ್ಬರಾದ ಮೇಲೆ ಒಬ್ಬರಂತೆ ವಾಪಸ್ ಕರೆಸಿ ಕೈ ಸುಟ್ಟುಕೊಂಡ ಕ್ಲಬ್ ಅದು.

ಅರಿಗೊ ಸಾಕ್ಕಿ 1989, 1990ರಲ್ಲಿ ಸತತ ಎರಡು ಯುರೋಪಿಯನ್ ಕಪ್ (ಚಾಂಪಿಯನ್ಸ್ ಲೀಗ್‌ನ ಹಳೇ ಹೆಸರು) ಗೆದ್ದುಕೊಟ್ಟಿದ್ದರು. ಆಮೇಲೆ ಬಂದ ಫಾಬಿಯೊ ಕಪೆಲ್ಲೊ ಐದು ವರ್ಷದಲ್ಲಿ ನಾಲ್ಕು ಲೀಗ್ ಗೆದ್ದರು. ಲೀಗ್‌ನಲ್ಲಿ ಸತತ 58 ಪಂದ್ಯ ಸೋಲಲಿಲ್ಲ. 1994ರ ಫೈನಲ್‌ನಲ್ಲಿ ಬಾರ್ಸಿಲೋನಾವನ್ನು 4-0ಯಿಂದ ಮಣ್ಣು ಮುಕ್ಕಿಸಿದರು. 1996ರಲ್ಲಿ ಕಪೆಲ್ಲೊ ಮ್ಯಾಡ್ರಿಡ್‌ಗೆ ಹೋದರು, ಮಿಲಾನ್ ಮುಗ್ಗರಿಸಿತು. ಡಿಸೆಂಬರ್‌ನಲ್ಲಿ ಸಾಕ್ಕಿಯನ್ನು ಕರೆದರು. ಸ್ವಂತ ಮೈದಾನದಲ್ಲಿ ಯುವೆಂಟಸ್ ಎದುರು 6-1 ಸೋಲು, ಕೊನೆಗೆ 11ನೇ ಸ್ಥಾನ. ಸರಿ, ಈ ಸಲ ಕಪೆಲ್ಲೊ ಬರಲಿ ಅಂದರು. ಬಂದರು. 10ನೇ ಸ್ಥಾನ.

ಇಬ್ಬರೂ ದಡ್ಡರಾಗಿಬಿಟ್ಟರಾ? ಕಪೆಲ್ಲೊ ಅದೇ ಹಿಂದಿನ ವರ್ಷ ಸ್ಪೇನ್‌ನಲ್ಲಿ ಲೀಗ್ ಗೆದ್ದು ಬಂದಿದ್ದರು! ಬದಲಾಗಿದ್ದು ತಂಡ. ಇಬ್ಬರ ಆಟಕ್ಕೂ ಬೆನ್ನೆಲುಬಾಗಿದ್ದದ್ದು ಒಂದೇ ಡಿಫೆನ್ಸ್. ಫ್ರಾಂಕೊ ಬರೇಸಿ, ಮೌರೊ ಟಸ್ಸೊಟ್ಟಿ 1997ರಲ್ಲಿ ಬೂಟು ಕಳಚಿದರು. ಕ್ಲಬ್ ಕೋಚ್‌ಗಳನ್ನು ಕರೆಸಿತು, ಬರೇಸಿಗೆ ಹತ್ತು ವರ್ಷ ಕಮ್ಮಿ ಮಾಡೋಕೆ ಆಗಲಿಲ್ಲ. ಮುಂದಿನ ವರ್ಷ ಏನಾಯಿತು ಅಂತ ಕೇಳಿ. ದೊಡ್ಡ ಹೆಸರೇನೂ ಇಲ್ಲದ ಅಲ್ಬೆರ್ಟೊ ಜಕ್ಕೆರೋನಿ ಬಂದು 1999ರಲ್ಲಿ ಲೀಗ್ ಗೆದ್ದುಬಿಟ್ಟರು. ಅವರನ್ನು ಹೋಲಿಸೋಕೆ ಯಾರ ಹತ್ತಿರವೂ ಹಳೇ ಫೋಟೋ ಇರಲಿಲ್ಲ.

ಕಪೆಲ್ಲೊ ಕತೆಗೆ ಇನ್ನೊಂದು ಬಾಲ ಇದೆ. 2006ರಲ್ಲಿ ಅವರು ಮ್ಯಾಡ್ರಿಡ್‌ಗೆ ವಾಪಸ್ ಹೋದರು. ಬಾರ್ಸಿಲೋನಾ ಜೊತೆ 76-76 ಪಾಯಿಂಟ್ ಸಮ ಬಂದು, ಪರಸ್ಪರ ಆಡಿದ ಪಂದ್ಯಗಳ ಲೆಕ್ಕದಲ್ಲಿ ಲೀಗ್ ಗೆದ್ದರು. ಆಟ ನೋಡೋಕೆ ಚೆನ್ನಾಗಿಲ್ಲ ಅಂತ ಗೆದ್ದ ತಿಂಗಳಲ್ಲೇ ಮನೆಗೆ ಕಳಿಸಿದರು. ಗೆದ್ದರೂ ಸಾಲದು, ಹಳೇ ಸಿನಿಮಾದ ಹಾಗೆ ಗೆಲ್ಲಬೇಕು.

ಹಾಗಂತ ವಾಪಸ್ ಬಂದವರ ತಪ್ಪೇ ಇರುವುದಿಲ್ಲ ಅಂತಲ್ಲ. ಮೊರಿನ್ಯೊ 2013ರಲ್ಲಿ ಚೆಲ್ಸಿಗೆ ವಾಪಸ್ ಬಂದಾಗ ಸಿಕ್ಕಿದ್ದು ಒಳ್ಳೆ ತಂಡ, ಬೇಕಾದಷ್ಟು ಹಣ. ಎರಡನೇ ವರ್ಷ 87 ಪಾಯಿಂಟ್ ತೆಗೆದು ಲೀಗ್ ಗೆದ್ದರು, ಜೊತೆಗೆ ಲೀಗ್ ಕಪ್. ಮೂರನೇ ವರ್ಷದ ಮೊದಲ ಲೀಗ್ ಪಂದ್ಯದಲ್ಲೇ, ಬಿದ್ದ ಆಟಗಾರನನ್ನು ನೋಡೋಕೆ ಮೈದಾನಕ್ಕೆ ಓಡಿದ ತಂಡದ ಡಾಕ್ಟರ್ ಮೇಲೆ ಎಲ್ಲರ ಎದುರು ಹರಿಹಾಯ್ದರು. ಡಿಸೆಂಬರ್ ಹೊತ್ತಿಗೆ 16 ಪಂದ್ಯದಲ್ಲಿ 9 ಸೋಲು, 16ನೇ ಸ್ಥಾನ. ಹೊರಗೆ. ಆಮೇಲೆ ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲೂ ಮೂರನೇ ವರ್ಷದ ಡಿಸೆಂಬರ್‌ನಲ್ಲೇ ಹೊರಗೆ. ಡ್ರೆಸ್ಸಿಂಗ್ ರೂಮ್ ಅವರ ಜೊತೆ ಎರಡು ವರ್ಷ ಉರಿಯುತ್ತದೆ, ಮೂರನೇ ವರ್ಷ ಬೂದಿ. ಇಲ್ಲಿ ತಂಡವನ್ನು ದೂರಿ ಪ್ರಯೋಜನ ಇಲ್ಲ. ಮನುಷ್ಯ ವಾಪಸ್ ಬಂದ, ಆದರೆ ಬದಲಾಗಿ ಬರಲಿಲ್ಲ.

ಬದಲಾಗಿ ಬಂದವರು ಅಂದರೆ ಕಾರ್ಲೊ ಆಂಚೆಲೊಟ್ಟಿ. 2015ರಲ್ಲಿ ಮ್ಯಾಡ್ರಿಡ್ ಅವರನ್ನು ತೆಗೆದು ಹಾಕಿತ್ತು. 2021ರಲ್ಲಿ ವಾಪಸ್ ಬಂದದ್ದು ಎವರ್ಟನ್‌ನಿಂದ, ಅದೂ ಇಂಗ್ಲೆಂಡ್‌ನಲ್ಲಿ 10ನೇ ಸ್ಥಾನ ಬಂದ ತಂಡದಿಂದ. ಯಾರೂ ಹಾರ ಹಿಡಿದು ನಿಂತಿರಲಿಲ್ಲ. ನಾಲ್ಕು ವರ್ಷದಲ್ಲಿ ಎರಡು ಚಾಂಪಿಯನ್ಸ್ ಲೀಗ್, ಎರಡು ಲಾ ಲಿಗಾ. ನಿರೀಕ್ಷೆ ಕಮ್ಮಿ ಇದ್ದದ್ದೇ ಅವರಿಗೆ ಅರ್ಧ ಬಲ ಅಂತ ನನ್ನ ಗುಮಾನಿ. ಇನ್ನರ್ಧ, ಹುಡುಗರು ಬೆಳೆದ ಹಾಗೆ ಆಟವನ್ನೂ ಬದಲಾಯಿಸುತ್ತಾ ಹೋದದ್ದು. ಕೊನೆ ವರ್ಷ ದೊಡ್ಡ ಕಪ್ ಒಂದೂ ಬರಲಿಲ್ಲ, ಅದೂ ನಿಜ.

ಇನ್ನು ಯುಪ್ ಹೈಂಕೆಸ್. ಬೇಯರ್ನ್ ಮ್ಯೂನಿಕ್‌ಗೆ 2013ರಲ್ಲಿ ಒಂದೇ ಸೀಸನ್‌ನಲ್ಲಿ ಮೂರು ದೊಡ್ಡ ಕಪ್ ಗೆದ್ದುಕೊಟ್ಟು ಹಳ್ಳಿ ಮನೆಗೆ ಹೋಗಿ, ನಾಯಿ ಸಾಕಿಕೊಂಡು ಆರಾಮಾಗಿ ಇದ್ದರು. 2017ರ ಅಕ್ಟೋಬರ್‌ನಲ್ಲಿ ಕ್ಲಬ್ ಕರೆಯಿತು. ಆಗ ವಯಸ್ಸು 72. ತಂಡ ಡಾರ್ಟ್ಮಂಡ್‌ಗಿಂತ 5 ಪಾಯಿಂಟ್ ಹಿಂದೆ ಇತ್ತು. ಸೀಸನ್ ಮುಗಿಯುವ ತನಕ ಮಾತ್ರ ಅಂತ ಮೊದಲೇ ಹೇಳಿ ಬಂದರು. ಎರಡನೇ ಸ್ಥಾನದವರಿಗಿಂತ 21 ಪಾಯಿಂಟ್ ಮುಂದೆ ಲೀಗ್ ಗೆದ್ದರು. ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ಸೋತರು, ಜರ್ಮನ್ ಕಪ್ ಫೈನಲ್ ಸೋತರು, ಕೈಕುಲುಕಿ ಮನೆಗೆ ಹೋದರು. ಇನ್ನೊಂದು ವರ್ಷ ಇರಿ ಅಂತ ಕ್ಲಬ್ ಗೋಗರೆದರೂ ಇರಲಿಲ್ಲ. ಆ ಎರಡು ಸೋಲನ್ನು ಹಿಡಿದು ಯಾರೂ ಅವರನ್ನು ವಿಫಲರು ಅನ್ನುವುದಿಲ್ಲ. ಕರೆದ ಕೆಲಸ ಏನು ಅನ್ನೋದು ಮೊದಲ ದಿನವೇ ಸ್ಪಷ್ಟ ಇತ್ತಲ್ಲ. ಕ್ಲಾಡಿಯೊ ರನಿಯೇರಿ 2024ರ ನವೆಂಬರ್‌ನಲ್ಲಿ ರೋಮಾಗೆ ಮೂರನೇ ಸಲ ಬಂದದ್ದೂ ಹೀಗೇ. 12ನೇ ಸ್ಥಾನದ ತಂಡವನ್ನು 5ನೇ ಸ್ಥಾನಕ್ಕೆ ತಂದು ನಿಲ್ಲಿಸಿ ಹೊರಟರು.

ಅಲ್ಲೆಗ್ರಿ ಯುವೆಂಟಸ್‌ಗೆ ವಾಪಸ್ ಬಂದ ಮೂರು ವರ್ಷ ಮಾತ್ರ ಈ ಯಾವ ಡಬ್ಬಕ್ಕೂ ಸರಿಯಾಗಿ ಕೂರುವುದಿಲ್ಲ. ಮೊದಲ ಸಲ ಐದು ವರ್ಷಕ್ಕೆ ಐದು ಲೀಗ್. 2021ರಲ್ಲಿ ವಾಪಸ್ ಬಂದ ಮೇಲೆ ಒಂದೂ ಇಲ್ಲ. 2022-23ರಲ್ಲಿ 7ನೇ ಸ್ಥಾನ ಅಂತ ಪಟ್ಟಿಯಲ್ಲಿದೆ. ಆದರೆ ಆ ವರ್ಷ ಕ್ಲಬ್ಬಿನ ಲೆಕ್ಕಪತ್ರದ ಗೋಲ್‌ಮಾಲ್‌ಗೆ 10 ಪಾಯಿಂಟ್ ಕಡಿತ ಆಗಿತ್ತು. ಮೈದಾನದಲ್ಲಿ ಗಳಿಸಿದ್ದು 72, ಅಂದರೆ ಮೊದಲ ನಾಲ್ಕರೊಳಗೆ ಬರುವಷ್ಟು. ಆಫೀಸಿನವರು ಮಾಡಿದ್ದಕ್ಕೆ ಕೋಚ್ ಹೆಸರಿನ ಮುಂದೆ 7 ಅಂತ ಬಿತ್ತು. ಹಾಗಂತ ಅಲ್ಲೆಗ್ರಿ ಆಟ ನೋಡೋಕೆ ಚೆನ್ನಾಗಿತ್ತು ಅಂತ ಸುಳ್ಳು ಹೇಳಲಾರೆ. ನಾನು ಎಷ್ಟೋ ಪಂದ್ಯದಲ್ಲಿ ಅರ್ಧಕ್ಕೇ ನಿದ್ದೆ ಹೋಗಿದ್ದೇನೆ. 2024ರ ಮೇ 15ರಂದು ಇಟಲಿಯ ಕಪ್ ಆದ ಕೊಪ್ಪಾ ಇಟಾಲಿಯಾ ಗೆದ್ದರು. ಫೈನಲ್‌ನಲ್ಲಿ ಕೋಟು ಬಿಚ್ಚಿ ರೆಫರಿಗಳ ಮೇಲೆ ಕೂಗಾಡಿದ ಕಾರಣಕ್ಕೆ ಎರಡು ದಿನದಲ್ಲಿ ಕೆಲಸ ಹೋಯಿತು.

ಯುರೋಪ್ ಸಾಕು. ನಮ್ಮ ದೇಶದಲ್ಲೇ ಇಂಥ ಕತೆಗಳಿವೆ.

ನಮ್ಮ ಕಡೆ ಕೇರಳ ಬ್ಲಾಸ್ಟರ್ಸ್ ಅಭಿಮಾನಿಗಳು ಜಾಸ್ತಿ. ಅವರ ಮುಂದೆ ಕೋಚ್ ಅಂಟೋನಿಯೊ ಹಬಾಸ್ ಹೆಸರು ತೆಗೆದರೆ ಈಗಲೂ ಹೊಟ್ಟೆ ಉರಿ. 2014ರ ಮೊದಲ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್‌ನಲ್ಲಿ ಕೊನೇ ಗಳಿಗೆಯ ಒಂದು ಗೋಲಿನಿಂದ ಬ್ಲಾಸ್ಟರ್ಸ್ ಸೋತದ್ದು ಹಬಾಸ್‌ರ ಅಟ್ಲೆಟಿಕೊ ಡಿ ಕೋಲ್ಕತ್ತ ಎದುರು. ಹಬಾಸ್ ಬೇರೆ ಕಡೆ ಹೋಗಿ, 2019ರಲ್ಲಿ ವಾಪಸ್ ಬಂದು, 2020ರ ಮಾರ್ಚ್‌ನಲ್ಲಿ ಮತ್ತೆ ಕಪ್ ಗೆದ್ದರು. ಮಾರನೇ ಸೀಸನ್‌ಗೆ ಆ ತಂಡ ಅದೇ ಊರಿನ ಹಳೇ ಕ್ಲಬ್ ಮೋಹನ್ ಬಗಾನ್ ಜೊತೆ ಸೇರಿತು. 2021ರ ಡಿಸೆಂಬರ್‌ನಲ್ಲಿ ಹಬಾಸ್ ಹೊರಗೆ. 2023ರ ಡಿಸೆಂಬರ್‌ನಲ್ಲಿ ಮೋಹನ್ ಬಗಾನ್ ಸತತ ಮೂರು ಲೀಗ್ ಪಂದ್ಯ ಸೋತಿತು, ಅದರಲ್ಲಿ ಒಂದು ಬ್ಲಾಸ್ಟರ್ಸ್ ಎದುರು. ಹೊಸ ವರ್ಷಕ್ಕೆ ಹಬಾಸ್ ಮತ್ತೆ ಒಳಗೆ. ಏಪ್ರಿಲ್‌ನಲ್ಲಿ ಮುಂಬೈ ಸಿಟಿಯನ್ನು 2-1ರಿಂದ ಸೋಲಿಸಿ, ಲೀಗ್ ಪಟ್ಟಿಯಲ್ಲಿ ಮೊದಲು ಬಂದವರಿಗೆ ಸಿಗುವ ಶೀಲ್ಡ್ ಗೆದ್ದರು. ಮೇ ತಿಂಗಳ ಕಪ್ ಫೈನಲ್‌ನಲ್ಲಿ ಅದೇ ಮುಂಬೈ 3-1ರಿಂದ ಸೇಡು ತೀರಿಸಿಕೊಂಡಿತು.

ಕೋಲ್ಕತ್ತದ ಹಳೇ ಅಭಿಮಾನಿಗಳು ಆ ತಂಡವೇ ಬೇರೆ, ಮೋಹನ್ ಬಗಾನ್ ಬೇರೆ ಅಂತ ಜಗಳಕ್ಕೆ ಬರಬಹುದು. ಬರಲಿ. ಚೆಕ್ ಬರೆಯುವ ಕೈ ಒಂದೇ. ಆ ಕೈಗೆ ಹಳಬರನ್ನು ಕರೆಯುವ ಚಾಳಿಯೂ ಇದೆ. ಹಬಾಸ್ ಆದ ಮೇಲೆ ಬಂದ ಹೊಸೆ ಮೊಲಿನಾ ಕೂಡ 2016ರಲ್ಲಿ ಕೋಲ್ಕತ್ತಕ್ಕೆ ಕಪ್ ಗೆದ್ದುಕೊಟ್ಟವರೇ. 2024-25ರಲ್ಲಿ ಶೀಲ್ಡ್, ಕಪ್ ಎರಡೂ ಅವರ ಪಾಲಾಯಿತು. ಆ ಫೈನಲ್‌ನಲ್ಲಿ ಹೆಚ್ಚುವರಿ ಸಮಯದಲ್ಲಿ 2-1ರಿಂದ ಸೋತದ್ದು ನಮ್ಮ ಬೆಂಗಳೂರು ಎಫ್‌ಸಿ. ಅದರ ಬಗ್ಗೆ ಇಲ್ಲಿ ಜಾಸ್ತಿ ಬರೆಯುವ ಮನಸ್ಸಿಲ್ಲ.

ಕೋಲ್ಕತ್ತದ ಈ ವಾಪಸ್‌ಗಳು ಯಾಕೆ ಕೆಲಸ ಮಾಡಿದವು? ಕೋಚ್ ಹಳಬ, ತಂಡ ಹೊಸದು. ತಮ್ಮ ಕಾಲದ ಆಟಗಾರರನ್ನು ಹುಡುಕಿಕೊಂಡು ಅವರು ಬರಲಿಲ್ಲ, ಇದ್ದ ದುಬಾರಿ ತಂಡಕ್ಕೆ ಶಿಸ್ತು ಕೊಟ್ಟರು. ಮಿಲಾನ್‌ನಲ್ಲಿ ಆದದ್ದು ಇದರ ಉಲ್ಟಾ.

ದೇಶದ ತಂಡದ ವಿಷಯದಲ್ಲಿ ನಾವು ಮಾಡಿದ ಅನ್ಯಾಯ ಸ್ಟೀಫನ್ ಕಾನ್‌ಸ್ಟಂಟೈನ್‌ಗೆ. 2002ರಿಂದ 2005ರ ತನಕ ಅವರು ಭಾರತದ ಕೋಚ್. ವಿಯೆಟ್ನಾಂನಲ್ಲಿ ಎಲ್‌ಜಿ ಕಪ್ ಗೆದ್ದಿದ್ದರು. 2015ರಲ್ಲಿ ವಾಪಸ್ ಬಂದರು. ಆ ವರ್ಷ ಭಾರತ ಫಿಫಾ ಪಟ್ಟಿಯಲ್ಲಿ 173ಕ್ಕೆ ಇಳಿದಿತ್ತು. ಜೂನ್‌ನಲ್ಲಿ ಗ್ವಾಮ್ ಎಂಬ ಪುಟ್ಟ ದ್ವೀಪದ ಎದುರು 2-1 ಸೋತೆವು. ಇಡೀ ಕೊಡಗಿನ ಮೂರನೇ ಒಂದು ಭಾಗದಷ್ಟೂ ಜನ ಇಲ್ಲದ ಜಾಗ ಅದು. ಆಗ ಬಿದ್ದ ಬೈಗುಳ ಅಷ್ಟಿಷ್ಟಲ್ಲ. ಅವರು ಹಳೇ ಹೆಸರುಗಳನ್ನು ಬಿಟ್ಟು ಹೊಸ ಹುಡುಗರನ್ನು ಇಳಿಸುತ್ತಾ ಹೋದರು. 2017ರ ಜುಲೈಗೆ ಭಾರತ 96ನೇ ಸ್ಥಾನ. 2019ರ ಏಷ್ಯನ್ ಕಪ್‌ನಲ್ಲಿ ಥಾಯ್ಲೆಂಡ್ ಎದುರು 4-1 ಗೆಲುವು, ಆ ಟೂರ್ನಿಯಲ್ಲಿ 1964ರ ನಂತರ ನಮ್ಮ ಮೊದಲ ಗೆಲುವು.

ಕೊನೇ ಪಂದ್ಯ ಬಹ್ರೇನ್ ಜೊತೆ. ಡ್ರಾ ಆದರೆ ಸಾಕಿತ್ತು. 90 ನಿಮಿಷ ಮುಗಿದಾಗಲೂ 0-0. ಆಮೇಲೆ ಒಂದು ತಪ್ಪು ಟ್ಯಾಕಲ್, ಒಂದು ಪೆನಾಲ್ಟಿ, 0-1. ಕಾನ್‌ಸ್ಟಂಟೈನ್ ಅವತ್ತೇ ರಾಜೀನಾಮೆ ಕೊಟ್ಟರು. ಆಟ ಹಳೇ ಕಾಲದ್ದು, ಬರೀ ಚೆಂಡು ಎತ್ತಿ ಒದೆಯೋದು ಅಂತ ಟೀಕೆ ಇತ್ತು. ಅದರಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ನಾಲ್ಕು ವರ್ಷದ ಲೆಕ್ಕವನ್ನು ಆ ಒಂದು ನಿಮಿಷದಲ್ಲಿ ಅಳೆದು ಮುಗಿಸಿಬಿಟ್ಟೆವು. ಅವರು ಬಂದಾಗ ನಾವು ಗ್ವಾಮ್ ಎದುರು ಸೋಲುವ ತಂಡ. ಹೋಗುವಾಗ ಏಷ್ಯಾದ ನಾಕೌಟ್‌ಗೆ ಒಂದು ನಿಮಿಷ ದೂರದಲ್ಲಿದ್ದ ತಂಡ.

ಈಗ ನಮ್ಮೂರಿಗೆ ಬರುತ್ತೇನೆ. ಸುಂಟಿಕೊಪ್ಪದ ಗೋಲ್ಡ್ ಕಪ್ ನಡೆಯುವುದು ಮೇ ತಿಂಗಳ ಸುಮಾರಿಗೆ, ಮಳೆ ಶುರುವಾಗುವ ಮೊದಲು ಮುಗಿಸುವ ಆತುರದಲ್ಲಿ. ಒಂದು ವರ್ಷ ನಮ್ಮ ಕಡೆಯ ತಂಡವೊಂದಕ್ಕೆ ಹಳೇ ಪಿಟಿ ಮಾಸ್ಟ್ರು ವಾಪಸ್ ಬಂದಿದ್ದರು. ರಿಟೈರ್ ಆಗಿ ಎಷ್ಟೋ ವರ್ಷ ಆಗಿತ್ತು. ಅವರ ಕಾಲದಲ್ಲಿ ಗೆದ್ದ ಕಪ್ ಇನ್ನೂ ಗಾಜಿನ ಬೀರುವಿನಲ್ಲಿ ಇದೆ, ಹಿಡಿ ಒಂದು ಮುರಿದಿದೆ. ಅವರು ಬರುತ್ತಾರೆ ಅಂತ ಗೊತ್ತಾದ ಮೇಲೆ ಹಳೇ ಆಟಗಾರರೆಲ್ಲ ಮಕ್ಕಳನ್ನು ಕರೆದುಕೊಂಡು ಬಂದಿದ್ದರು.

ಮಾಸ್ಟ್ರು ಗೆರೆ ಪಕ್ಕ ಸೋಡಾ ಕ್ರೇಟ್ ಬೋರಲು ಹಾಕಿ ಕೂತರು. ಕೈಯಲ್ಲಿ ಶಾಲೆ ಮಕ್ಕಳ ನೋಟ್ ಪುಸ್ತಕ, ಕಿವಿಯಲ್ಲಿ ಪೆನ್ಸಿಲ್. ಮೊದಲಾದರೆ ಅವರ ಕೂಗು ಬಸ್‌ಸ್ಟ್ಯಾಂಡ್ ತನಕ ಕೇಳುತ್ತಿತ್ತಂತೆ. ಅವತ್ತು ಇಡೀ ಪಂದ್ಯದಲ್ಲಿ ಎದ್ದು ನಿಂತದ್ದು ಎರಡೇ ಸಲ. ನಾನು ಹಿಂದಿನಿಂದ ಬಗ್ಗಿ ನೋಡಿದೆ. ಪುಟದಲ್ಲಿ ಆಟಗಾರರ ನಂಬರ್, ಅದರ ಮುಂದೆ ಗೀಟುಗಳು. ಚೆಂಡು ಕಳೆದುಕೊಂಡ ಮೇಲೆ ಯಾರು ನಿಂತುಬಿಡುತ್ತಾರೆ, ಯಾರು ವಾಪಸ್ ಓಡುತ್ತಾರೆ ಅಂತ ಗುರುತು ಹಾಕುತ್ತಿದ್ದರು. ಎಡಗಡೆ ಬ್ಯಾಕ್ ಆಡುತ್ತಿದ್ದ ಹದಿನಾರರ ಹುಡುಗನ ಮುಂದೆ ಮಾತ್ರ ಗೀಟು ಇರಲಿಲ್ಲ, ಸಣ್ಣ ಸೊನ್ನೆಗಳು ಸಾಲಾಗಿ ಇದ್ದವು. ಏನು ಅಂತ ಕೇಳಿದೆ. "ಇವನು ಪ್ರತೀ ಸಲ ಓಡ್ತಾನೆ. ಇವನ ಹೆಸರೇನು, ಗೊತ್ತಾ ನಿಮಗೆ?" ಅಂದರು. ನನಗೂ ಗೊತ್ತಿರಲಿಲ್ಲ.

ತಂಡ 0-2 ಸೋತಿತು.

ಜನ ಚದುರುವಾಗ ಹೋಟೆಲಿನ ಆ ಇಬ್ಬರೂ ಅಲ್ಲೇ ಸಿಕ್ಕರು. ರೈಟರ್ ಮಾಸ್ಟ್ರ ಹಳೇ ಶಿಷ್ಯರಂತೆ. ಕ್ರೇಟ್ ಮೇಲೆ ಕೂತು ಇನ್ನೂ ಬರೆಯುತ್ತಿದ್ದವರನ್ನೇ ನೋಡುತ್ತಾ, "ಎಷ್ಟು ಬದಲಾಗಿದ್ದಾರೆ. ನಮ್ಮ ಕಾಲದ ಮಾಸ್ಟ್ರು ಆಗಿದ್ರೆ ಇಷ್ಟೊತ್ತಿಗೆ ಚಪ್ಪಲಿ ಕೈಗೆ ಬಂದಿರೋದು," ಅಂದರು.

ಜೀಪಿನ ಹುಡುಗ ಕೀ ತಿರುಗಿಸುತ್ತಾ, "ಅದಕ್ಕೇ ಅಣ್ಣ ಸೋತಿದ್ದು," ಅಂದ.